ನಾನು ಗುಡಿಸಿ ಇಟ್ಟ ಗುಂಪು

ಅದಿರಿನ ಕಾಲದಲ್ಲಿ ಬಳ್ಳಾರಿಯಲ್ಲಿ ಲಾರಿ ಇಲ್ಲದವನು ಮನುಷ್ಯನೇ ಅಲ್ಲ ಎಂಬ ನಂಬಿಕೆಯಿತ್ತು. ಕೌಲ್ ಬಜಾರಿನಲ್ಲಿ ನಾಲ್ಕು ಮಿಷನ್ನು ಇಟ್ಟುಕೊಂಡು ಜೀನ್ಸ್ ಹೊಲಿಸುತ್ತಿದ್ದ ನನ್ನಂಥವರನ್ನು ಯಾವ ಜಾತಿಯ ಪ್ರಾಣಿಗೆ ಸೇರಿಸಬೇಕೆಂದು ಯಾರೂ ತೀರ್ಮಾನಿಸಿರಲಿಲ್ಲ. ನಾವು ಸಣ್ಣ ವ್ಯಾಪಾರದ ಇಪ್ಪತ್ತಾರು ಮಂದಿ ಸೇರಿ ಒಂದು ಇ-ಮೇಲ್ ಗುಂಪು ಮಾಡಿಕೊಂಡೆವು. ಒಬ್ಬರು ಬರೆದರೆ ಎಲ್ಲರಿಗೂ ತಲುಪುತ್ತಿತ್ತು. ಉಸ್ತುವಾರಿ ನನ್ನದು. ಕೋತಿಗೆ ಹೆಂಡ ಕುಡಿಸಿದಂತಾಯಿತು.

ನಾನು ಮಾಡಿದ ಕಾನೂನು ಒಂದೇ. ಮಾಲು ಮಾರುವ ಮುಂಚೆ ಯಾರನ್ನಾದರೂ ಹೆಸರು ಹಿಡಿದು ಮಾತಾಡಿಸಬೇಕು. 'ಸಕಲರಿಗೂ' ಎಂದು ಶುರುವಾದ ಪತ್ರ ಕಸ. ಲಾರಿ ಮಾರಾಟಕ್ಕಿದೆ, ಸೈಟು ಮಾರಾಟಕ್ಕಿದೆ, ಆರು ತಿಂಗಳಲ್ಲಿ ದುಡ್ಡು ಡಬಲ್ ಎಂಬ ಪತ್ರಗಳು ಆಮೇಲೆ ಹೊರಗಿನಿಂದ ಬಂದು ಸೇರಿಕೊಂಡವರಿಂದ ದಂಡಿಯಾಗಿ ಬರುತ್ತಿದ್ದವು. ಅವರಿಗೆಲ್ಲ ಒಂದೇ ಉತ್ತರ ತಯಾರು ಮಾಡಿಟ್ಟಿದ್ದೆ: 'ಮಾನ್ಯ ಸದಸ್ಯರೇ, ನಿಮ್ಮ ಪತ್ರ ಜಾಹೀರಾತಿನಂತಿರುವುದರಿಂದ ತೆಗೆದುಹಾಕಿ, ನಿಮ್ಮನ್ನೂ ಗುಂಪಿನಿಂದ ಕೈಬಿಡಲಾಗಿದೆ.' ಒಂದು ಸಲ ಗುಂಡಿ ಒತ್ತಿದರೆ ಸಾಕು. ಒತ್ತುವಾಗ ಸುಖವಾಗುತ್ತಿತ್ತು, ಸುಳ್ಳೇಕೆ ಹೇಳಲಿ.

ಗುಂಪಿಗೆ ಜೀವ ಇದ್ದದ್ದು ಸಿರುಗುಪ್ಪದ ಅಕ್ಕಿ ವ್ಯಾಪಾರಿಯಿಂದ. ವಯಸ್ಸಾದ ಮನುಷ್ಯ, ಸೈಬರ್ ಅಂಗಡಿಯಲ್ಲಿ ಎರಡೇ ಬೆರಳಲ್ಲಿ ಬರೆಯುತ್ತಿದ್ದರು. ಕುರುಗೋಡಿನ ಮೆಣಸಿನಕಾಯಿ ಮಾರುವಾಕೆಯ ಮಂಡಿನೋವು ವಿಚಾರಿಸಿ ಆಮೇಲೆ ಅಕ್ಕಿಯ ಸುದ್ದಿ. ನನ್ನ ಮಿಷನ್ನು ಕೆಟ್ಟಿದೆ ಎಂದು ಬರೆದರೆ ಮರುದಿನವೇ ರಿಪೇರಿಯವನನ್ನು ಬಸ್ಸು ಹತ್ತಿಸಿ ಕಳಿಸಿದ್ದರು. ಅವರನ್ನು ನೋಡಿಯೇ ಉಳಿದವರೂ ಬಾಯಿ ಬಿಡುತ್ತಿದ್ದರು. ಅವರಿಲ್ಲದಿದ್ದರೆ ಅದು ಬರೀ ಅಂಗಡಿಗಳ ಪಟ್ಟಿ.

ಒಂದು ಮಧ್ಯಾಹ್ನ ಕಸ ಗುಡಿಸುತ್ತ ಕೂತಿದ್ದೆ. 'ಸಕಲ ಬಂಧುಗಳಿಗೆ ಶುಭ ಸಮಾಚಾರ' ಎಂದು ಒಂದು ಪತ್ರ ಶುರುವಾಗಿತ್ತು. ಡಬಲ್ ದುಡ್ಡಿನವರೂ ಹೀಗೇ ಶುರು ಮಾಡುತ್ತಿದ್ದರು. ಎರಡನೇ ಸಾಲು ಓದಲಿಲ್ಲ, ಕಳಿಸಿದವರು ಯಾರೆಂದೂ ನೋಡಲಿಲ್ಲ. ಒತ್ತಿದೆ.

ಎಂಟು ದಿನಕ್ಕೆ ಅಕ್ಕಿ ವ್ಯಾಪಾರಿ ಕೈಚೀಲ ಹಿಡಿದು ನನ್ನ ಅಂಗಡಿಗೆ ಬಂದರು. ಕುಡಿಯಲು ನೀರು ಕೊಟ್ಟೆ. ನೀರು ಕುಡಿದು ಒಂದು ಹಾಳೆ ಮುಂದಿಟ್ಟರು. ನನ್ನದೇ ಉತ್ತರ, ಪ್ರಿಂಟ್ ಹಾಕಿಸಿಕೊಂಡು ತಂದಿದ್ದರು.

"ಇದು ನೀವ ಬರದಿದ್ದೇನು ತಂಗಿ? ನನ್ನ ಹೆಸರ ಇಲ್ಲಲ್ಲ ಇದರಾಗ."

"ಕಂಪ್ಯೂಟರ್ ತಾನ ಕಳಿಸೇತ್ರಿ ಅಣ್ಣಾ," ಎಂದೆ. ಹಸಿ ಸುಳ್ಳು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಲ್ಲಿ ಬಿದ್ದಿತ್ತು.

"ಮಗಳ ಮದಿವಿ ಗೊತ್ತಾತು. ಕಾರ್ಡು ಅಚ್ಚು ಹಾಕ್ಸೂದ್ಕಿಂತ ಮೊದ್ಲ ನಿಮಗೆಲ್ಲಾ ಹೇಳ್ಬೇಕಂತ ಸೈಬರಿಗಿ ಓಡಿ ಹೋಗಿದ್ದೆ."

ಆ ಎಂಟು ದಿನದಲ್ಲಿ ಅವರು ಗುಂಪಿನ ಉಳಿದ ಇಪ್ಪತ್ನಾಲ್ಕು ಜನರ ಮನೆಗೂ ಹೋಗಿ ಕರೆದು ಬಂದಿದ್ದರು. ನನ್ನದೇ ಕೊನೆಯದು. ಮೂಲೆಗೆ ಅರಿಶಿನ ಹಚ್ಚಿದ ಕಾರ್ಡಿನ ಮೇಲೆ ನನ್ನ ಹೆಸರನ್ನು ದುಂಡಗೆ ಬರೆದಿದ್ದರು. ನಾಚಿಕೆಯಿಂದ ನನಗೆ ಅವರ ಮುಖ ನೋಡಲಾಗಲಿಲ್ಲ.

"ಈಗ ಮತ್ತ ಗುಂಪಿಗಿ ಸೇರಸ್ತೀನ್ರಿ," ಎಂದು ಕಂಪ್ಯೂಟರಿನತ್ತ ಎದ್ದೆ.

"ಬ್ಯಾಡ ತಂಗಿ. ಮದಿವಿಗಿ ಮನಿ ಮಂದಿನ್ನೆಲ್ಲಾ ಕರ್ಕೊಂಡು ಬರ್ರಿ. ಗುಂಪಿಗಿ ನಾ ಬರಂಗಿಲ್ಲ. ಅಲ್ಲಿ ಮಾತಾಡಾಕ ಅಂಜಿಕಿ ಬರ್ತೈತಿ."

ಮದುವೆ ಕುರುಗೋಡಿನಲ್ಲಿ ಆಯಿತು. ಗುಂಪಿನವರೆಲ್ಲ ಮೊದಲ ಸಲ ಒಟ್ಟಿಗೆ ಕೂತು ಉಂಡು, ಸಂಜೆಯವರೆಗೂ ಹರಟಿದರು. ಆಮೇಲೆ ಯಾರಿಗೆ ಏನು ಹೇಳುವುದಿದ್ದರೂ ಸಿರುಗುಪ್ಪಕ್ಕೆ, ಅವರ ಅಂಗಡಿಗೇ ಹೋಗತೊಡಗಿದರು. ನಾನು ಮಾತ್ರ ದಿನಾ ಕಂಪ್ಯೂಟರ್ ತೆರೆದು ನೋಡುತ್ತಿದ್ದೆ. ಗುಂಪು ಸ್ವಚ್ಛವಾಗಿತ್ತು. ಯಾರೂ ಏನೂ ಬರೆದಿರಲಿಲ್ಲ.