ಹೆಸರುಕಾಳಿನ ಬಣ್ಣದ ಸೀಟು

ನಮ್ಮ ಮಾವನವರ ಕಾಲದಲ್ಲಿ ಅವರ ಕಾರಿನಲ್ಲಿ ನಾನು ಕುಳಿತದ್ದು ಒಂದೇ ಸಲ, ಮದುವೆಯಾಗಿ ಕುರುಗೋಡಿನಿಂದ ಸಿರುಗುಪ್ಪಕ್ಕೆ ಬರುವಾಗ. ಅರವತ್ತರ ದಶಕದ ಮಾತು. ಮದುಮಗಳು ತಲೆ ಎತ್ತಬಾರದೆಂದು ಅವ್ವ ಹೇಳಿ ಕಳಿಸಿದ್ದಳು, ನಾನೂ ಎತ್ತಲಿಲ್ಲ. ಹಿಂದೆ ಸರಿಯುತ್ತಿದ್ದ ತವರನ್ನಾಗಲಿ, ಪಕ್ಕದಲ್ಲಿ ಕುಳಿತವರ ಮುಖವನ್ನಾಗಲಿ ನೋಡಲಿಲ್ಲ. ಇಡೀ ದಾರಿ ನೋಡಿದ್ದು ಸೀಟಿನ ಒಂದು ಮೂಲೆ. ಸೀಟಿಗೆ ಕೆಂಪು ಬಟ್ಟೆಯ ಕವರನ್ನು ಬಿಗಿಯಾಗಿ ಹೊಲಿಸಿದ್ದರು. ಬಾಗಿಲ ಬದಿಗೆ, ಕೆಳಗೆ, ಹೊಲಿಗೆ ಬಿಟ್ಟು ಅಂಗೈಯಷ್ಟು ಜಾಗ ತೆರೆದಿತ್ತು. ಅಲ್ಲಿ ಒಳಗಿನ ಚರ್ಮ ಕಾಣುತ್ತಿತ್ತು, ಹೆಸರುಕಾಳಿನ ಬಣ್ಣದ್ದು. ಅಂಚಿಗೆ ಬಿಳಿಜೋಳದ ಬಣ್ಣದ ಪಟ್ಟಿ. ಅಳು ಬಂದಾಗಲೆಲ್ಲ ಅದನ್ನೇ ನೋಡಿದೆ. ಅಂದು ನನಗೆ ಆಸರೆಯಾದದ್ದು ಆ ಮೂಲೆ.

ಒಳ್ಳೆಯದನ್ನು ಮುಚ್ಚಿಡುವುದು ನಮ್ಮ ಮಾವನವರ ಮನೆಯ ರೂಢಿ. ರೇಡಿಯೋಗೆ ಕಸೂತಿ ಬಟ್ಟೆ, ಹೊಲಿಗೆ ಯಂತ್ರಕ್ಕೆ ಹಳೆ ಸೀರೆಯ ಗವಸು. ಊರು ಬಿಟ್ಟು ಹೊರಟ ಯಾರೋ ಬಿಳಿಯ ಅಧಿಕಾರಿಯಿಂದ ಕೊಂಡ ಆ ವಿಲಾಯತಿ ಕಾರಿಗೂ ಮನೆಗೆ ಬಂದ ಕೂಡಲೇ ಕವರು ಬಿದ್ದಿತಂತೆ. ಅದನ್ನು ಬಿಚ್ಚಲು ಮಾವನವರು ಯಾರಿಗೂ ಬಿಡಲಿಲ್ಲ. ನನ್ನ ಮದುವೆಯ ಮರುವರ್ಷ ಅವರು ಲಿಂಗೈಕ್ಯರಾದರು. ಕಾರು ಸಿರುಗುಪ್ಪದ ನಮ್ಮ ಅಕ್ಕಿ ಗಿರಣಿಯ ಗೋದಾಮು ಸೇರಿತು.

ನಾವು ಬಳ್ಳಾರಿಗೆ ಬಂದು ಕಂಟೋನ್ಮೆಂಟಿನಲ್ಲಿ ಮನೆ ಮಾಡಿದೆವು. ಮಕ್ಕಳಾಗಲಿಲ್ಲ. ಮನೆಯವರು ಒಳ್ಳೆಯವರು; ಕೈ ಎತ್ತಿದವರಲ್ಲ, ಕುಡಿದು ಬಂದವರಲ್ಲ. ಮಾತಾಡುತ್ತಿರಲಿಲ್ಲ, ಅಷ್ಟೇ. 'ಊಟಕ್ಕ ನೀಡು', 'ಬಾಗಲಾ ಹಾಕ್ಕೋ', ಇಷ್ಟರಲ್ಲಿ ದಿನ ಮುಗಿಯುತ್ತಿತ್ತು. ನಾನು ಬೆಳಿಗ್ಗೆ ಲಿಂಗಪೂಜೆಗೆ ಕುಳಿತಾಗಲೇ ನನ್ನ ಮಾತೆಲ್ಲ ಆಡಿಬಿಡುತ್ತಿದ್ದೆ. ನಲ್ಲಿಗೆ ನೀರು ಬಂತು, ಬೇವು ಚಿಗುರಿತು, ರೊಟ್ಟಿ ಉಬ್ಬಿತು, ಕಾಲುನೋವು ಇವತ್ತು ಕಡಿಮೆ. ಶಿವ ಕೊಟ್ಟದ್ದನ್ನು ಶಿವನಿಗೇ ಒಪ್ಪಿಸಿದರೆ ಎದೆ ಹಗುರಾಗುತ್ತಿತ್ತು.

ಎಂಬತ್ತರ ದಶಕ ಶುರುವಾದ ಮೇಲೆ ಗಿರಣಿ ಬೇರೆಯವರ ಕೈಗೆ ಹೋಯಿತು. ಗೋದಾಮು ಖಾಲಿ ಮಾಡುವಾಗ ಮನೆಯವರು ಕಾರನ್ನು ಲಾರಿಗೆ ಕಟ್ಟಿ ಎಳೆಸಿಕೊಂಡು ಬಂದರು. ಹಿತ್ತಲಿನಲ್ಲಿ ತಗಡಿನ ಶೆಡ್ಡು ಎದ್ದಿತು. "ಅಪ್ಪನ ಕಾಲಕ್ಕ ಹೆಂಗಿತ್ತೋ ಹಂಗಽ ಆಗಬೇಕು" ಎಂದರು. ಅವರಿಗೆ ಅಷ್ಟೊಂದು ಮಾತು ಬರುತ್ತದೆಂದು ನನಗೆ ತಿಳಿದದ್ದೇ ಆಗ. ಮೆಕ್ಯಾನಿಕ್ಕಿನ ಜೊತೆ, ಸೀಟು ಹೊಲಿಯುವವರ ಜೊತೆ ಸಂಜೆಯೆಲ್ಲ ಮಾತು, ನಗು. ನಾನು ಚಹಾ ಒಯ್ದಾಗ ಮಾತು ನಿಲ್ಲುತ್ತಿತ್ತು. ತಿರುಗಿ ಬಂದ ಮೇಲೆ ಮತ್ತೆ ಶುರು.

ಹೊರಬಣ್ಣ ಕಪ್ಪು, ಅದು ಎಲ್ಲರಿಗೂ ನೆನಪಿತ್ತು. ಒಳಗಿನದೇ ತಕರಾರು. ಕವರನ್ನು ಇಲಿ ತಿಂದು ಅಲ್ಲಲ್ಲಿ ಕೆಂಪು ಚಿಂದಿ ಉಳಿದಿತ್ತು. ಕೆಳಗಿನ ಚರ್ಮ ತೌಡು, ಎಣ್ಣೆ, ಧೂಳು ಮೆತ್ತಿ ಕರ್ರಗಾಗಿತ್ತು. ಮನೆಯವರು ಸಿರುಗುಪ್ಪದಿಂದ ಮಾವನವರ ಹಳೆ ಡ್ರೈವರನ್ನು ಕರೆಸಿದರು.

"ಕೆಂಪು, ಧಣಿ. ಕಣ್ಣಿಗೆ ಕಟ್ಟಿಧಂಗ ಐತಿ. ಆಯುಧ ಪೂಜಿಗೆ ನಾನಽ ಒರಸ್ತಿದ್ನಲ್ಲ!"

"ಹಂಗಾರ ಕೆಂಪಽ ತರಸೂಣು" ಎಂದರು ಮನೆಯವರು.

ನಾನು ಚಹಾದ ತಟ್ಟೆ ಹಿಡಿದು ನಿಂತಿದ್ದೆ. "ಕವರು ಕೆಂಪಿತ್ರಿ. ಒಳಗ ಹಸರು" ಎಂದೆ.

ಡ್ರೈವರ್ ನಕ್ಕ. "ಅಮ್ಮಾರ, ಮದಿವ್ಯಾಗ ನೀವು ಹಸರು ಸೀರಿ ಉಟ್ಟಿದ್ರಿ. ಅದಽ ನೆನಪಿರಬೇಕು."

"ಒಂದಿನ ಕುಂತಾಕಿಗೆ ಏನು ಗೊತ್ತಿರ್ತೈತಿ? ಹೋಗು, ಒಲಿ ಮ್ಯಾಲೆ ಏನೈತಿ ನೋಡು" ಎಂದರು ಮನೆಯವರು. ಸಿಟ್ಟಿನಿಂದ ಹೇಳಿದ್ದಲ್ಲ. ಅದಕ್ಕೇ ಮನಸ್ಸು ಹೆಚ್ಚು ನೊಂದಿತು.

ಒಲೆಯ ಮೇಲೆ ಏನೂ ಇರಲಿಲ್ಲ. ಬಣ್ಣ ಯಾವುದಾದರೇನು ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ. ಆ ಮನೆತನದಲ್ಲಿ ನನ್ನೊಬ್ಬಳಿಗೇ ಗೊತ್ತಿದ್ದ ಸಂಗತಿ ಅದೊಂದು. ಅದರ ಮೇಲೂ ಕೆಂಪು ಬಿದ್ದರೆ, ನಾನು ಅಂದು ಆ ಕಾರಿನಲ್ಲಿ ಬಂದೆನೆಂಬುದಕ್ಕೇ ಗುರುತು ಉಳಿಯದು ಅನ್ನಿಸಿತು.

ಮರುದಿನ ಮಧ್ಯಾಹ್ನ ಅವರು ಕೆಂಪು ರೆಕ್ಸಿನ್ ನೋಡಲು ಅಂಗಡಿಗೆ ಹೋದಾಗ ನಾನು ಶೆಡ್ಡಿಗೆ ಹೋದೆ. ಅಂದು ಕುಳಿತ ಜಾಗದಲ್ಲೇ ಕುಳಿತು ತಲೆ ಬಗ್ಗಿಸಿದೆ. ಕಣ್ಣು ತಾನಾಗಿಯೇ ಆ ಮೂಲೆಗೆ ಹೋಯಿತು. ಸೀಗೆಕಾಯಿ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಮೆಲ್ಲಗೆ ಉಜ್ಜಿದೆ. ಕರಿ ನೀರು ಇಳಿಯಿತು. ಮತ್ತೆ ಉಜ್ಜಿ, ಒಣಬಟ್ಟೆಯಿಂದ ಒರೆಸಿ, ಕೊಬ್ಬರಿ ಎಣ್ಣೆ ಹಚ್ಚಿದೆ. ನೆನೆಹಾಕಿದ ಹೆಸರುಕಾಳಿನ ಬಣ್ಣ ಮೇಲೆದ್ದು ಬಂತು. "ಶಿವನೇ" ಎಂದು ಕೈಮುಗಿದೆ. ಕಾರಿನ ಬಾಗಿಲು ಮುಚ್ಚದೆ ಹಾಗೆಯೇ ಬಿಟ್ಟು ಬಂದೆ.

ಸಂಜೆ ಮನೆಯವರು ಅಡುಗೆಮನೆಯ ಹೊಸ್ತಿಲಿಗೆ ಬಂದು ನಿಂತರು. ಅವರು ಅಲ್ಲಿಗೆ ಬರುವುದೇ ಅಪರೂಪ.

"ಅದನ್ನ ನೀನಽ ಒರಸಿದಿ?"

"ಹೂಂನ್ರಿ."

"ಅಂಚಿನ ಪಟ್ಟಿ ಯಾವ ಬಣ್ಣ ಇತ್ತು?"

"ಬಿಳಿಜೋಳ ಇರತಾವಲ್ರಿ, ಹಂಗ."

ಡಬ್ಬಿಯಿಂದ ಒಂದು ಹಿಡಿ ಜೋಳ, ಒಂದು ಹಿಡಿ ಹೆಸರುಕಾಳು ತೆಗೆದು ತಟ್ಟೆಯಲ್ಲಿ ಕೊಟ್ಟೆ. ಅವರು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

"ಕಾಲ ಕೆಳಗ ಹಾಸಿದ್ದು?"

"ಕಂದು. ಬೆಲ್ಲದಂಥಾದ್ದು."

"ಮ್ಯಾಲೆ, ಛತ್ತಿನ ಬಟ್ಟಿ?"

"ಮ್ಯಾಲೆ ನೋಡಾಕ ನನ್ನ ಯಾರು ಬಿಟ್ಟಿದ್ರು? ತಲಿ ಎತ್ತಿ ಕುಂತವರು ನೀವು, ನೀವಽ ಹೇಳ್ರಿ."

"ಬಾಸಿಂಗ ಎಲ್ಲಿ ಬೀಳ್ತೈತೋ ಅಂತ ನಾ ಕುತಿಗಿನಽ ಅಲ್ಲಾಡಿಸಲಿಲ್ಲಲೇ!"

ನಕ್ಕರು. ನನ್ನ ಮಾತಿಗೆ ಅವರು ನಕ್ಕದ್ದು ಕೇಳಿ ಎಷ್ಟು ಕಾಲವಾಗಿತ್ತೋ. ಬೇಳೆ ಬೇಯುವವರೆಗೂ ಹೊಸ್ತಿಲ ಮೇಲೆ ಕುಳಿತು ಕಾರಿನ ಮಾತಾಡಿದರು. ಗೊತ್ತಾಗದಿದ್ದರೂ ಹೂಂಗುಟ್ಟಿದೆ. ಮರುದಿನ ಪೂಜೆಯಲ್ಲಿ ಆ ಬೇಳೆಯನ್ನೂ ನೆನೆದೆ; ಅವತ್ತು ಅದು ಬೇಗ ಬೇಯಲಿಲ್ಲ.

ಮದರಾಸಿನಿಂದ ಹಸಿರು ಚರ್ಮ ಬಂತು. ಹೊಲಿದು ಮುಗಿಸಿದ ದಿನ ಸೀಟಿನವರು, "ಧೂಳು ಕೂಡ್ತೈತಿ, ಕವರು ಹಾಕಿಬಿಡ್ಲೇನ್ರಿ?" ಎಂದು ಕೇಳಿದರು.

"ಬ್ಯಾಡ. ಕಾಣ್ಲಿ" ಎಂದರು ಮನೆಯವರು.

ಪೂಜೆ ಮಾಡಿಸಲು ಕುರುಗೋಡಿನ ಬಸವಣ್ಣನ ಗುಡಿಗೆ ಹೊರಟೆವು. ಕಾರು ನಡೆಸಿದವರು ಮನೆಯವರು, ಅವರ ಪಕ್ಕದ ಸೀಟಿನಲ್ಲಿ ಮೆಕ್ಯಾನಿಕ್ ಕುಳಿತ. ಊರು ದಾಟುವ ಮೊದಲೇ ಅವರಿಬ್ಬರ ಎಂಜಿನ್ನಿನ ಮಾತು ಶುರುವಾಯಿತು, ಹಿಂದೆ ನಾನೊಬ್ಬಳೇ. ಯಾರೂ ನನ್ನತ್ತ ತಿರುಗಲಿಲ್ಲ. ಮೇಲೆ ನೋಡಿದೆ: ಛತ್ತಿನ ಬಟ್ಟೆಗೂ ಬಿಳಿಜೋಳದ ಬಣ್ಣವನ್ನೇ ಹಾಕಿಸಿದ್ದರು. ಅದು ಸರಿಯೋ ತಪ್ಪೋ, ಹೇಳುವವರು ಯಾರೂ ಇಲ್ಲ. ಕುರುಗೋಡಿನ ಗುಡ್ಡಗಳು ಕಾಣುವವರೆಗೂ ನನ್ನ ಕೈ ಸೀಟಿನ ಆ ಮೂಲೆಯ ಮೇಲೇ ಇತ್ತು.