ಪಾಸ್‌ವರ್ಡಿಗಾಗಿ ಕಾಯಿಸದ ರವೂಫ್ ಸರ್

ದಕ್ಷಿಣ ಕನ್ನಡದ ಸಹಕಾರಿ ಕ್ಷೇತ್ರಕ್ಕೆ ಕಂಪ್ಯೂಟರು ಕಾಲಿಟ್ಟ ಬಗೆಯನ್ನು ಮುಂದೆ ಯಾರಾದರೂ ಬರೆಯಲು ಕುಳಿತರೆ, ಬಂಟ್ವಾಳದ ಶ್ರೀ ಅಬ್ದುಲ್ ರವೂಫರನ್ನು ಬಿಟ್ಟು ಬರೆಯುವುದು ಸಾಧ್ಯವಾಗದು. ಸಹಕಾರ ಸಂಘವೊಂದಕ್ಕೆ ಗುಮಾಸ್ತರಾಗಿ ಸೇರಿ, ಯಂತ್ರಗಳೊಡನೆ ತಾವಾಗಿಯೇ ಪಳಗಿ, ಕಂಪ್ಯೂಟರ್ ವಿಭಾಗದ ಮುಖ್ಯಸ್ಥರಾಗಿ ಈ ತಿಂಗಳು ನಿವೃತ್ತರಾಗುತ್ತಿರುವ ಅವರು, ಬೆಳ್ತಂಗಡಿಯಿಂದ ಮೂಡುಬಿದಿರೆಯವರೆಗಿನ ಶಾಖೆಗಳ ಸಿಬ್ಬಂದಿಗೆಲ್ಲ ಅಕ್ಕರೆಯ ‘ರವೂಫ್ ಸರ್’.

ಆಗೆಲ್ಲ ಯಾವ ಶಾಖೆಯ ಕಂಪ್ಯೂಟರಿಗೆ ಯಾವ ತಂತ್ರಾಂಶ ಹಾಕಬೇಕಿದ್ದರೂ ಅಡ್ಮಿನ್ ಪಾಸ್‌ವರ್ಡ್ ಬೇಕಿತ್ತು. ಅದನ್ನು ಬಲ್ಲವರು ರವೂಫರೊಬ್ಬರೇ. ಕೊಕ್ಕಡದಲ್ಲಿ ಪ್ರಿಂಟರ್ ಬದಲಾದರೂ, ವೇಣೂರಿನಲ್ಲಿ ಕನ್ನಡ ಟೈಪಿಂಗ್ ಕೈಕೊಟ್ಟರೂ ಅವರೇ ಬಸ್ಸು ಹತ್ತಬೇಕು. ಹೋದಲ್ಲಿ ಯಾರನ್ನೂ ಗದರಿದವರಲ್ಲ. ಮಡಂತ್ಯಾರಿನ ಅಟೆಂಡರೊಬ್ಬರು ಕೀಬೋರ್ಡಿನ ಮೇಲೆ ಚಹಾ ಚೆಲ್ಲಿ ತಪ್ಪಾಯಿತೆಂದು ಬೇಡಿಕೊಂಡಾಗ, “ಅದು ಹಳತು, ಹೇಗೂ ಬದಲಿಸ್ಲಿಕ್ಕೆ ಉಂಟು” ಎಂದು ಸಮಾಧಾನ ಹೇಳಿ, ಅವರಿಗೇ ಇನ್ನೊಂದು ಚಹಾ ತರಿಸಿಕೊಟ್ಟದ್ದನ್ನು ಆ ಶಾಖೆಯವರು ಇಂದಿಗೂ ನೆನೆಯುತ್ತಾರೆ.

ಕೆಲವು ವರ್ಷಗಳ ಹಿಂದೆ ಬೆಳ್ತಂಗಡಿ ಶಾಖೆಗೆ ಆಫ್ರಾ ಎಂಬ ತರುಣಿ ಗುಮಾಸ್ತೆಯಾಗಿ ಬಂದರು. ಹುಟ್ಟಿನಿಂದಲೇ ದೃಷ್ಟಿಯಿಲ್ಲದ ಅವರು, ಪರದೆಯ ಅಕ್ಷರಗಳನ್ನು ಓದಿ ಹೇಳುವ ತಂತ್ರಾಂಶದ ನೆರವಿನಿಂದ ಯಾರಿಗೂ ಕಡಿಮೆಯಿಲ್ಲದಂತೆ ಕೆಲಸ ಮಾಡುತ್ತಿದ್ದರು. ಒಂದು ಬೆಳಿಗ್ಗೆ ಆ ತಂತ್ರಾಂಶ ಕೆಟ್ಟು ದನಿ ನಿಂತುಹೋಯಿತು. ಮತ್ತೆ ಇನ್‌ಸ್ಟಾಲ್ ಮಾಡಬೇಕು. ರವೂಫರೋ ಲೆಕ್ಕಪರಿಶೋಧನೆಗೆಂದು ಮೂಡುಬಿದಿರೆಯಲ್ಲಿ ಸಿಕ್ಕಿಬಿದ್ದಿದ್ದರು. ಮರುದಿನ ಮಧ್ಯಾಹ್ನ ಅವರು ಬಂದಾಗ ಆಫ್ರಾ ಮಡಿಲಲ್ಲಿ ಕೈಯಿಟ್ಟು ಕುಳಿತಿದ್ದರು.

“ನೀವು ಬರ್ತೀರಿ ಅಂತ ಗೊತ್ತುಂಟು ಸರ್. ಆದ್ರೆ ಎಲ್ಲರೂ ಕೆಲಸ ಮಾಡುವ ಸದ್ದು ಕೇಳ್ತಾ ಸುಮ್ಮನೆ ಕೂರ್ಲಿಕ್ಕೆ ಆಗುವುದಿಲ್ಲ. ನನ್ನ ಪ್ರೊಬೇಷನ್ ಮುಗಿದಿಲ್ಲ. ಇವಳಿಂದ ಆಗುವುದಿಲ್ಲ ಅಂತ ಬರೆದ್ರೆ?”

ಶಾಖಾ ವ್ಯವಸ್ಥಾಪಕಿ ಕಾಂತಿಯವರು ಎದ್ದು ರವೂಫರ ಬಳಿಗೆ ಬಂದರು. “ಆ ಪಾಸ್‌ವರ್ಡ್ ಅವಳಿಗೆ ಹೇಳಿಬಿಡಿ ಮಾರಾಯ್ರೆ, ಮುಗೀತಲ್ಲ” ಎಂದರು.

ರವೂಫರು ತಂತ್ರಾಂಶವನ್ನು ಮತ್ತೆ ಹಾಕಿಕೊಟ್ಟರು, ಪಾಸ್‌ವರ್ಡ್ ಹೇಳಲು ಮಾತ್ರ ಒಪ್ಪಲಿಲ್ಲ. ಆ ಪಾಸ್‌ವರ್ಡ್ ಕೈಯಿಂದ ಕೈಗೆ ಹೋದರೆ ಯಾವ ದುಷ್ಟ ತಂತ್ರಾಂಶವೂ ಒಳನುಗ್ಗಿ ಸದಸ್ಯರ ಖಾತೆಗಳನ್ನು ಹಾಳುಗೆಡವಬಹುದಿತ್ತು. ಆದರೂ ಆಫ್ರಾರ ಮಾತು ಅವರನ್ನು ನೆಮ್ಮದಿಯಾಗಿರಗೊಡಲಿಲ್ಲ. ಸಂಘವನ್ನು ಕಾಯುವ ಭರದಲ್ಲಿ ಒಬ್ಬಳ ಅನ್ನಕ್ಕೆ ಅಡ್ಡ ನಿಂತೆನೇ ಎಂಬ ಅಳುಕಿನಲ್ಲಿ ಹಲವು ವಾರ ಓದಿದರು, ಕಟ್ಟಿದರು, ಕೆಡವಿದರು. ಕೊನೆಗೆ ಒಂದು ಏರ್ಪಾಡು ಮೂಡಿತು: ತಾವು ಪರೀಕ್ಷಿಸಿದ ತಂತ್ರಾಂಶಗಳನ್ನಷ್ಟೇ ಬಂಟ್ವಾಳದ ಪ್ರಧಾನ ಕಚೇರಿಯ ಸರ್ವರಿನಲ್ಲಿಡುವುದು, ಸಿಬ್ಬಂದಿ ಬೇಕಾದುದನ್ನು ಆರಿಸಿ ಒತ್ತಿದರೆ ಅದು ತಾನಾಗಿ ಇನ್‌ಸ್ಟಾಲ್ ಆಗುವುದು. ಇನ್‌ಸ್ಟಾಲ್ ಮಾಡುವ ಅಧಿಕಾರ ಆ ಏರ್ಪಾಡಿಗೇ ಹೊರತು ಒತ್ತಿದವರಿಗಲ್ಲ.

ಪ್ರಧಾನ ವ್ಯವಸ್ಥಾಪಕ ಶ್ರೀಕೃಷ್ಣ ಹೆಬ್ಬಾರರು ಹುಬ್ಬು ಗಂಟಿಕ್ಕಿದರು. “ಹೆಚ್ಚುಕಡಿಮೆ ಆದ್ರೆ ಯಾರು ಜವಾಬ್ದಾರಿ?”

“ನಾನೇ ಸರ್. ಬರೆದು ಕೊಡ್ತೇನೆ.”

ಹೆಬ್ಬಾರರು ಬೆಳ್ತಂಗಡಿಗೆ ಬಂದು ತಾವೇ ಪರೀಕ್ಷೆಗಿಳಿದರು. ಮನೆಯಿಂದ ಪೆನ್‌ಡ್ರೈವಿನಲ್ಲಿ ಇಸ್ಪೀಟಿನ ಆಟವೊಂದನ್ನು ತಂದಿದ್ದರು; ಎಷ್ಟು ಸಲ ಒತ್ತಿದರೂ ಕಂಪ್ಯೂಟರು ಅದನ್ನು ಒಳಗೆ ಬಿಡಲಿಲ್ಲ. “ನನಗೂ ಬಿಡುವುದಿಲ್ಲವಾ?” ಎಂದು ಕೇಳಿದರೆ, “ಯಾರಿಗೂ ಇಲ್ಲ ಸರ್” ಎಂದು ರವೂಫರು ತಲೆ ತಗ್ಗಿಸಿಯೇ ಹೇಳಿದರು.

ಬಳಿಕ ಹೆಬ್ಬಾರರು ಆಫ್ರಾರ ಕಂಪ್ಯೂಟರಿನಿಂದ ಓದುವ ತಂತ್ರಾಂಶವನ್ನು ತೆಗೆಸಿದರು. ದನಿಯಿಲ್ಲದ ಪರದೆಯಲ್ಲಿ ಆಕೆ ಪಟ್ಟಿಯನ್ನು ಹುಡುಕುವುದು ಹೇಗೆ? ರವೂಫರು ಅದನ್ನೂ ಯೋಚಿಸಿ, ಎರಡು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಸಾಕಾಗುವಂತೆ ಮಾಡಿದ್ದರು. ಆಫ್ರಾ ಒತ್ತಿದರು. ಕೌಂಟರಿನಾಚೆ ನಿಂತ ಸದಸ್ಯರೂ ಕತ್ತು ಚಾಚಿ ನೋಡಿದರು. ಸ್ವಲ್ಪ ಹೊತ್ತಿನಲ್ಲಿ ಕಂಪ್ಯೂಟರು ಕನ್ನಡದಲ್ಲಿ ದಿನಾಂಕವನ್ನು ಓದತೊಡಗಿತು.

“ಬಂತು ಸರ್!” ಆಫ್ರಾ ಕೂಗಿಯೇಬಿಟ್ಟರು. ಕಾಂತಿಯವರು ಮುಖ ತಿರುಗಿಸಿ ಸೆರಗಿನಿಂದ ಕಣ್ಣೊರಸಿಕೊಂಡರು. ಹೆಬ್ಬಾರರು ಪೆನ್‌ಡ್ರೈವನ್ನು ಜೇಬಿಗಿಳಿಸಿ, “ಎಲ್ಲ ಶಾಖೆಗೂ ಹಾಕುವ, ರವೂಫ್” ಎಂದರು. ಆಫ್ರಾರ ಕೆಲಸ ಕಾಯಂ ಆಯಿತು.

ರವೂಫರಲ್ಲಿ ಕುಂದೇ ಇಲ್ಲವೆಂದು ಹೊಗಳಿದರೆ ಮೊದಲು ನಗುವವರು ಅವರೇ. ಹೊಸ ತಂತ್ರಾಂಶವೊಂದನ್ನು ಪರೀಕ್ಷಿಸಿ ಪಟ್ಟಿಗೆ ಸೇರಿಸಲು ಅವರು ತೆಗೆದುಕೊಳ್ಳುತ್ತಿದ್ದ ಕಾಲಕ್ಕೆ ಮೂಡುಬಿದಿರೆಯವರು ಸಿಡಿಮಿಡಿಗೊಂಡದ್ದುಂಟು. “ನಿಮ್ಮ ಪರೀಕ್ಷೆ ಮುಗಿಯುವಾಗ ನಮ್ಮ ಸರ್ವಿಸ್ ಮುಗೀತದೆ” ಎಂದು ಫೋನಿನಲ್ಲೇ ಜಗಳವಾಡಿದವರೂ ಇದ್ದರು. ರವೂಫರು ಕೇಳಿಸಿಕೊಳ್ಳುತ್ತಿದ್ದರು, ಅವಸರ ಮಾತ್ರ ಮಾಡುತ್ತಿರಲಿಲ್ಲ. ಅವರು ತುರ್ತಾಗಿ ಶಾಖೆಗಳಿಗೆ ಓಡುವುದು ಕ್ರಮೇಣ ನಿಂತೇಹೋಯಿತು. ತಮ್ಮ ಅಗತ್ಯವನ್ನು ತಾವೇ ಕಡಿಮೆ ಮಾಡಿಕೊಳ್ಳುವ ಅಧಿಕಾರಿಗಳು ಅಪರೂಪ.

ನಿವೃತ್ತಿಯ ಬಳಿಕ ಮನೆಯಲ್ಲಿರುತ್ತಾರೆಂದು ಅವರ ಪತ್ನಿ ಸೈನಬರವರು ನಂಬಿದಂತಿಲ್ಲ. ಮೂಡುಬಿದಿರೆಯ ಮಹಿಳಾ ಸಹಕಾರಿಯೊಂದಕ್ಕೆ ಇಂಥದೇ ಏರ್ಪಾಡು ಮಾಡಿಕೊಡಲು ರವೂಫರು ಈಗಾಗಲೇ ಒಪ್ಪಿದ್ದಾರೆ; ಅಲ್ಲಿ ದೃಷ್ಟಿಯಿಲ್ಲದ ಇಬ್ಬರು ಹೊಸದಾಗಿ ಸೇರಿದ್ದಾರಂತೆ. ದೇವರು ಅವರಿಗೆ ದೀರ್ಘಾಯುಷ್ಯವನ್ನೂ ಬಸ್ಸು ಹತ್ತುವ ಕಸುವನ್ನೂ ಕರುಣಿಸಲಿ; ಆ ಇಬ್ಬರೂ ಅವರನ್ನು ಬೇಗನೆ ಮನೆಗೆ ಕಳುಹಿಸಿಕೊಡುವಷ್ಟು ಸ್ವತಂತ್ರರಾಗಲಿ.