ಕೊನೇ ತೊಟ್ಟಿಯ ನೀರು

ಅವಳ ಮೂಗೆಂದರೆ ಮನೆಯಲ್ಲಿ ತಮಾಷೆ. ಹಾಲು ಒಡೆಯುವ ಮುಂಚೆಯೇ ಅವಳಿಗೆ ಗೊತ್ತಾಗುತ್ತಿತ್ತು. ಅಣ್ಣ ಒದ್ದೆ ಕಾಲುಚೀಲವನ್ನು ಎಲ್ಲಿ ಬಚ್ಚಿಟ್ಟರೂ ಹುಡುಕಿ ಎಸೆಯುತ್ತಿದ್ದಳು. ಅಂಥವಳು ಇಂಜಿನಿಯರಿಂಗ್ ಮುಗಿಸಿ, ಚರ್ಮ ಹದಮಾಡುವ ಕಾರ್ಖಾನೆಗಳ ಕೊಳಕು ನೀರನ್ನು ಶುದ್ಧಮಾಡುವ ಘಟಕ ಕಟ್ಟುವ ಕಂಪನಿ ಸೇರಿದಾಗ ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ.

ಇಪ್ಪತ್ತಾರನೇ ವಯಸ್ಸಿಗೆ ಅವಳನ್ನು ಸಮುದ್ರದಾಚೆಯ ಕೆಲಸಕ್ಕೆ ಕಳಿಸಿದರು. ತಗಡಿನ ಕೋಣೆ, ಚಿಲಕ ಸರಿಯಾಗಿ ಬೀಳದ ಬಾಗಿಲು, ಎಷ್ಟು ಒಗೆದರೂ ಕೊಳೆತ ತೊಗಲಿನ ವಾಸನೆ ಬಿಡದ ದಿಂಬು. ಅದಕ್ಕೆಲ್ಲ ಅವಳು ಹೇಸಲಿಲ್ಲ. ಕೊಳೆ ತೊಳೆಯುವುದೇ ತನ್ನ ಕೆಲಸ ಎಂದುಕೊಂಡಳು. ಮೊದಲ ತೊಟ್ಟಿಯಲ್ಲಿ ಕಡುಕಂದು ನೀರು, ಅದರ ಮೇಲೆ ಕೂದಲು, ಕೊಬ್ಬಿನ ನೊರೆ. ಕೊನೆಯದಾದ ಐದನೆಯ ತೊಟ್ಟಿಗೆ ಬರುವಷ್ಟರಲ್ಲಿ ಅದು ತಿಳಿಯಾಗಿ ಹೊಳೆ ಸೇರಬೇಕು. ಆದರೆ ನಡುವಿನ ತೊಟ್ಟಿಯಲ್ಲಿ ಕೊಳೆ ತಿನ್ನಬೇಕಾದ ಸೂಕ್ಷ್ಮಜೀವಿಗಳು ತೊಗಲಿಗೆ ಸವರಿದ ಉಪ್ಪು ತಾಳದೆ ಸಾಯುತ್ತಿದ್ದವು. ಎರಡು ಸಲ ಹೊಸದಾಗಿ ಬೆಳೆಸಿದಳು. ಎರಡು ಸಲವೂ ಸತ್ತವು. ಇನ್ನೊಂದು ತೊಟ್ಟಿ ಕಟ್ಟದೆ ಗತಿಯಿಲ್ಲ ಎಂದು ಮ್ಯಾನೇಜರಿಗೆ ಬರೆದುಕೊಟ್ಟಳು.

ಮ್ಯಾನೇಜರು ಅವಳ ಊರಿನ ಕಡೆಯವರೇ. ಚಿಕ್ಕಪ್ಪನ ವಯಸ್ಸು, ಮಾತುಮಾತಿಗೆ ‘ಮಗಳೇ’ ಅನ್ನುವವರು. ಕಾಗದ ಮಡಚಿ ಜೇಬಿಗಿಟ್ಟುಕೊಂಡರು.

“ನಾಳೆ ನೀರು ನೋಡೋಕೆ ಸರ್ಕಾರದ ಇನ್‌ಸ್ಪೆಕ್ಟರ್ ಬರ್ತಾರೆ ಮಗಳೇ. ಕೊನೇ ತೊಟ್ಟಿ ಖಾಲಿ ಮಾಡ್ಸಿ ನಲ್ಲಿ ನೀರು ತುಂಬ್ಸು.”

“ಸರ್, ಅದು ಮೋಸ ಅಲ್ವಾ?”

“ಮೋಸ ಗೀಸ ಅಂತ ದೊಡ್ಡ ಮಾತು ಯಾಕೆ? ನೆಂಟರು ಬರ್ತಾರೆ ಅಂದ್ರೆ ಮನೆ ಗುಡಿಸಲ್ವಾ?”

ಅವಳು ಒಪ್ಪಲಿಲ್ಲ. ಊರಿನಿಂದ ಕಂಪನಿಯೇ ಕರೆತಂದಿದ್ದ ಪಂಪಿನವನು ಪೈಪು ಎಳೆದು ತೊಟ್ಟಿ ತುಂಬಿಸಿದ.

ಮರುದಿನ ಇನ್‌ಸ್ಪೆಕ್ಟರು ಮೂಗಿಗೆ ಕರವಸ್ತ್ರ ಒತ್ತಿಕೊಂಡು ಬಂದರು. ಮ್ಯಾನೇಜರು ಕೊನೇ ತೊಟ್ಟಿಯಿಂದ ಒಂದು ಗ್ಲಾಸು ಮೊಗೆದು ಗಟಗಟ ಕುಡಿದರು. ಚಪ್ಪಾಳೆ ಬಿತ್ತು. ಇನ್ನೊಂದು ಗ್ಲಾಸನ್ನು ಅವಳ ಕೈಗಿಟ್ಟು, “ಇದನ್ನೆಲ್ಲ ಮಾಡಿದೋಳು ನಮ್ಮ ಹುಡುಗಿ. ಕುಡಿ ಮಗಳೇ” ಎಂದರು. ಎಲ್ಲರ ಕಣ್ಣೂ ಅವಳ ಮೇಲೆ. ಕುಡಿದುಬಿಟ್ಟಳು. ಶುದ್ಧವಾದ ತಣ್ಣನೆಯ ನೀರು. ಉಗ್ರಾಣದ ಹಿಂದೆ ಹೋಗಿ ಅಷ್ಟನ್ನೂ ಕಕ್ಕಿದಳು.

ಬಾಯಿ ಒರೆಸಿಕೊಂಡು ಇನ್‌ಸ್ಪೆಕ್ಟರ ಕಾರಿನ ಹತ್ತಿರ ಓಡಿದಳು. ಅರೆಬರೆ ಕಲಿತ ಅವರ ಭಾಷೆಯಲ್ಲೇ ಎಲ್ಲ ಹೇಳಿದಳು.

“ಗೊತ್ತು,” ಎಂದರು ಅವರು. “ಹೊಳೆ ದಾಟಿಕೊಂಡೇ ಬಂದೆ.”

“ಗೊತ್ತಿದ್ದೂ ಸಹಿ ಹಾಕ್ತೀರಾ?”

“ಗೊತ್ತಿದ್ದೂ ನೀನು ಕುಡಿದೆಯಲ್ಲ?”

ಕಾರಿನ ಗಾಜು ಮೇಲೇರಿತು.

ಸಂಜೆ ಘಟಕದ ಹಸ್ತಾಂತರದ ಕಾಗದ ಅವಳ ಮುಂದೆ ಬಂತು. ಸಹಿಯ ಜಾಗದಲ್ಲಿ ‘ನೀರು ಶುದ್ಧವಾಗಿಲ್ಲ’ ಎಂದು ಬರೆದಳು. ಮ್ಯಾನೇಜರ ಬಾಯಿಂದ ‘ಮಗಳೇ’ ಬಿದ್ದುಹೋಯಿತು.

“ಅನ್ನ ಹಾಕಿದ ಕಂಪನಿಗೇ ಕಲ್ಲು ಹಾಕ್ತೀಯೇನಮ್ಮ?”

ಹತ್ತೇ ನಿಮಿಷದಲ್ಲಿ ಬೇರೆ ಕಾಗದ ಬಂತು. ‘ಇಂಜಿನಿಯರ್’ ಎಂದು ಅಚ್ಚಾಗಿದ್ದ ಕಡೆ ಪಂಪಿನವನು ಸಹಿ ಗೀಚಿದ. ಅದೇ ವಾರ ಅವಳನ್ನು ಊರಿಗೆ ಅಟ್ಟಿದರು.

“ಎಲ್ಲಾ ಕಡೆ ಇರೋದೇ ಕಣೇ. ಒಪ್ಪಂದ ಮುಗಿಯೋವರೆಗೆ ಇನ್ನೆರಡು ತಿಂಗಳು ಹಲ್ಲು ಕಚ್ಕೊಂಡು ಇರ್ಬಾರ್ದಿತ್ತಾ?” ಎಂದರು ಅಮ್ಮ. ಅವಳು ಜಗಳ ಆಡಲಿಲ್ಲ. ನೀರಿನ ಪರೀಕ್ಷೆಯ ಫಲಿತಾಂಶಗಳನ್ನು ಲಗತ್ತಿಸಿ ಆ ದೇಶದ ಮಾಲಿನ್ಯ ನಿಯಂತ್ರಣ ಕಚೇರಿಗೆ ಮೂರು ಪತ್ರ ಬರೆದಳು. ಒಂದಕ್ಕೂ ಉತ್ತರ ಬರಲಿಲ್ಲ. ಆಮೇಲೆ ಊರಿನ ಕುಡಿಯುವ ನೀರನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿದಳು. ಗೋಡೆಗೆ ತಾಗಿದ ಒಂದು ಮೇಜು, ಅದರ ತುಂಬ ಬಾಟಲಿಗಳು.

ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ಪಂಪಿನವನು ಫೋನ್ ಮಾಡಿದ.

“ಮೇಡಂ, ಇಲ್ಲಿ ಇನ್ನೂ ಎರಡು ಘಟಕ ನಮಗೇ ಸಿಕ್ತು. ಸಾಹೇಬ್ರು ನಿಮ್ಮನ್ನ ಕೇಳ್ತಿದ್ರು. ಕೋಪ ಎಲ್ಲ ಇಳಿದಿದೆ, ಬನ್ನಿ.”

“ಹೊಳೆ ಹೇಗಿದೆ?”

“ಹೊಳೆನಾ?” ಅವನು ನಕ್ಕ. “ಅದು ಹಂಗೇ ಇದೆ ಬಿಡಿ.”

ಫೋನ್ ಇಟ್ಟವಳೇ “ಥೂ!” ಎಂದಳು. ಪಕ್ಕದ ಮೇಜಿನಾಕೆ ತಲೆಯೆತ್ತಿ ಕೇಳಿದಳು: “ಯಾರಿಗೇ ಅದು?”

“ಎಲ್ಲರಿಗೂ. ನನಗೂ ಸೇರಿಸಿ,” ಎಂದು ಅವಳು ಮುಂದಿನ ಬಾಟಲಿಯ ಮುಚ್ಚಳ ತಿರುಗಿಸಿದಳು.